18,000 ಸಲ ಪಾಸಾಗಿದ್ದ ವಿಮಾನ

ಹೋದ ಮೇ ತಿಂಗಳು ಆಫೀಸಿನ ಕೆಲಸದ ಮೇಲೆ ನಾಲ್ಕು ದಿನ ಕೋಲ್ಕತ್ತಾಕ್ಕೆ ಹೋಗಿದ್ದೆ. ವಾಪಸು ಹೊರಡುವ ಸಂಜೆ ದಮ್‌ದಮ್ ವಿಮಾನ ನಿಲ್ದಾಣದಲ್ಲಿ ಕೂತಿದ್ದಾಗ ಆಕಾಶ ಮಸಿ ಬಳಿದ ಹಾಗೆ ಕಪ್ಪಾಯಿತು. ಹತ್ತೇ ನಿಮಿಷದಲ್ಲಿ ಗಾಳಿ, ಧೂಳು, ಗುಡುಗು, ಆಮೇಲೆ ಜಡಿಮಳೆ. ನಮ್ಮ ಕಡೆ ಭರಣಿ ಮಳೆಗೆ ಕಾಯುವ ಹೊತ್ತಿಗೆ ಅಲ್ಲಿ ಬರುವ ಈ ಬಿರುಗಾಳಿಗೆ ಕಾಲಬೈಸಾಖಿ ಅನ್ನುತ್ತಾರೆ. ಬೋರ್ಡಿನಲ್ಲಿ ಒಂದೊಂದೇ ವಿಮಾನ ತಡ ಅಂತ ಬರತೊಡಗಿತು. ಎಲ್ಲರ ಹಾಗೆ ನಾನೂ ಗೊಣಗಿದೆ.

ಹೊತ್ತು ಹೋಗದೆ ಮೊಬೈಲಿನಲ್ಲಿ ಏನೇನೋ ಓದುತ್ತಿದ್ದಾಗ, ಇದೇ ನಿಲ್ದಾಣದಿಂದ, ಇಂಥದೇ ಒಂದು ಮೇ ಸಂಜೆ ಹೊರಟ ವಿಮಾನದ ಕಥೆ ಕಣ್ಣಿಗೆ ಬಿತ್ತು. ಕಾಮೆಟ್! ಈ ಹೆಸರು ನನಗೆ ಹೊಸದಲ್ಲ. ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರ್‌ಗೆ ಹಾರಿದ ದೊಡ್ಡ ಹಿಂಡಿನಲ್ಲಿ ನಾನೂ ಒಬ್ಬ. ಕಾಲೇಜಿನಲ್ಲಿ ಮೇಷ್ಟ್ರು ಈ ವಿಮಾನದ ವಿಷಯವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದರು: ‘ಕಿಟಕಿ ಚೌಕವಾಗಿತ್ತು, ಮೂಲೆಯಲ್ಲಿ ಬಿರುಕು ಬಿತ್ತು, ವಿಮಾನ ಒಡೆಯಿತು.’ ಪರೀಕ್ಷೆಯಲ್ಲಿ ನಾನೂ ಅದನ್ನೇ ಬರೆದು ಎರಡು ಮಾರ್ಕ್ಸ್ ಗಿಟ್ಟಿಸಿದ್ದೆ. ಆ ಸಂಜೆಯಿಂದ ಶುರುವಾದ ಓದು ಬೆಂಗಳೂರಿಗೆ ಬಂದ ಮೇಲೂ ಮೂರು ವಾರ ಬಿಡಲಿಲ್ಲ. ಆ ಸಾಲು ಪೂರ್ತಿ ಸುಳ್ಳಲ್ಲ, ಆದರೆ ನಡೆದದ್ದರಲ್ಲಿ ಅತ್ಯಂತ ಮುಖ್ಯವಾದದ್ದನ್ನೇ ಬಿಟ್ಟುಬಿಡುತ್ತದೆ ಅಂತ ಈಗ ಅನ್ನಿಸಿದೆ. ಅದಕ್ಕೇ ಈ ಬರಹ. ಸ್ವಲ್ಪ ಉದ್ದವಾಗಿದೆ, ಸಹಿಸಿಕೊಳ್ಳಿ.

ಎರಡನೇ ಮಹಾಯುದ್ಧ ಮುಗಿದಾಗ ಪ್ರಯಾಣಿಕರ ವಿಮಾನಗಳೆಲ್ಲ ಪ್ರೊಪೆಲ್ಲರ್ ತಿರುಗಿಸಿಕೊಂಡು, ಗಡಗಡ ಅಲುಗುತ್ತಾ ಹೋಗುವಂಥವು. ಮಾರುಕಟ್ಟೆ ಅಮೆರಿಕದವರ ಕೈಲಿತ್ತು. ಅವರನ್ನು ಒಂದೇ ಏಟಿಗೆ ಹಿಂದೆ ಹಾಕಬೇಕು ಅಂತ ಬ್ರಿಟನ್ನಿನ ಡಿ ಹ್ಯಾವಿಲ್ಯಾಂಡ್ ಕಂಪನಿ ಜೆಟ್ ಎಂಜಿನ್ನಿನ ಪ್ರಯಾಣಿಕ ವಿಮಾನ ಕಟ್ಟಲು ಹೊರಟಿತು. 1949ರ ಜುಲೈ 27ರಂದು ಕಾಮೆಟ್ ಮೊದಲ ಸಲ ಹಾರಿತು. 1952ರ ಮೇ 2ರಂದು ಲಂಡನ್ನಿನಿಂದ ಜೋಹಾನ್ಸ್‌ಬರ್ಗ್‌ಗೆ ಪ್ರಯಾಣಿಕರನ್ನು ಹೊತ್ತು ಹೊರಟಿತು. ಜಗತ್ತಿನಲ್ಲಿ ಜೆಟ್ ವಿಮಾನದ ಪ್ರಯಾಣಿಕ ಸೇವೆ ಶುರುವಾದದ್ದೇ ಅವತ್ತು. ಅವತ್ತು ಹೋದ ವಿಮಾನದ ನೋಂದಣಿ ಜಿ-ಎ.ಎಲ್.ವೈ.ಪಿ. ಕೊನೆಯ ಎರಡಕ್ಷರ ಹಿಡಿದು ಅದನ್ನು ಯೋಕ್ ಪೀಟರ್ ಅಂತ ಕರೆಯುತ್ತಿದ್ದರು. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಜೆಟ್ ಎಂಜಿನ್ ಮಿತವಾಗಿ ಇಂಧನ ಕುಡಿಯಬೇಕಾದರೆ ಬಹಳ ಎತ್ತರದಲ್ಲಿ ಹಾರಬೇಕು. ಕಾಮೆಟ್ 40,000 ಅಡಿಯವರೆಗೆ ಏರುತ್ತಿತ್ತು. ಅಲ್ಲಿ ಉಸಿರಾಡುವಷ್ಟು ಗಾಳಿಯಿಲ್ಲ. ಹಾಗಾಗಿ ಒಳಗೆ ಗಾಳಿ ತುಂಬಿ, 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದ ಹಾಗೆ ಇಡುತ್ತಿದ್ದರು. ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸ ಪ್ರತಿ ಚದರ ಇಂಚಿಗೆ 8.25 ಪೌಂಡ್. ಕೇಳಲು ಏನೂ ಅನ್ನಿಸುವುದಿಲ್ಲ. ಆದರೆ ಒಂದು ಚದರ ಅಡಿಗೆ ಲೆಕ್ಕ ಹಾಕಿದರೆ ಅರ್ಧ ಟನ್ನಿಗೂ ಹೆಚ್ಚು. ವಿಮಾನದ ಅಲ್ಯೂಮಿನಿಯಂ ಚರ್ಮವೋ, ಬಹುಪಾಲು ಕಡೆ ಒಂದು ಮಿಲಿಮೀಟರೂ ದಪ್ಪವಿಲ್ಲ. ಪ್ರತಿ ಸಲ ಮೇಲೇರಿದಾಗ ಬಲೂನಿನ ಹಾಗೆ ಒಂಚೂರು ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ಒಂದು ಪ್ರಯಾಣ ಅಂದರೆ ಒಂದು ಉಬ್ಬು, ಒಂದು ಕುಗ್ಗು.

ಮೊದಲ ಅಪಘಾತಗಳಲ್ಲಿ ಇದ್ಯಾವುದೂ ಯಾರ ತಲೆಯಲ್ಲೂ ಇರಲಿಲ್ಲ. 1952ರ ಅಕ್ಟೋಬರ್ 26ರಂದು ರೋಮಿನಲ್ಲಿ ಒಂದು ಕಾಮೆಟ್ ನೆಲ ಬಿಟ್ಟು ಏಳದೆ ರನ್‌ವೇ ದಾಟಿ ಹೋಗಿ ಮುರಿಯಿತು. ಯಾರೂ ಸಾಯಲಿಲ್ಲ. ಪೈಲಟ್ ಮೂಗನ್ನು ಜಾಸ್ತಿ ಎತ್ತಿದ, ತಪ್ಪು ಅವನದೇ ಅಂತ ತೀರ್ಮಾನವಾಯಿತು. ಹ್ಯಾರಿ ಫೂಟ್ ಅನ್ನುವ ಆ ಕ್ಯಾಪ್ಟನ್ನನ್ನು ಹಳೇ ಯಾರ್ಕ್ ವಿಮಾನಗಳಿಗೆ ದೂಡಿದರು. ನಾಲ್ಕೇ ತಿಂಗಳಿಗೆ, 1953ರ ಮಾರ್ಚ್ 3ರಂದು, ಕರಾಚಿಯಲ್ಲಿ ಕೆನಡಾದ ಕಂಪನಿಯೊಂದರ ಹೊಸ ಕಾಮೆಟ್ ಅದೇ ರೀತಿ ಏಳದೆ ಹೋಗಿ 11 ಜನ ಸತ್ತರು. ಮತ್ತೆ ಪೈಲಟ್‌ನದೇ ತಪ್ಪು. ಆದರೆ ಆಮೇಲೆ ಕಂಪನಿಯೇ ರೆಕ್ಕೆಯ ಮುಂದಿನ ಅಂಚಿನ ಆಕಾರ ಬದಲಾಯಿಸಿತು! ಮೂಗು ಸ್ವಲ್ಪ ಹೆಚ್ಚು ಎತ್ತಿದರೂ ಎತ್ತುವ ಬಲ ಕಳೆದುಕೊಳ್ಳುವ ರೆಕ್ಕೆ ಅದು. ಯೂಸರ್ ತಪ್ಪು ಮಾಡಿದ ಅಂತ ಟಿಕೆಟ್ ಮುಚ್ಚಿ, ಆಮೇಲೆ ಸದ್ದಿಲ್ಲದೆ ಕೋಡ್ ಬದಲಾಯಿಸುವುದನ್ನು ನಮ್ಮ ಉದ್ಯೋಗದವರು ಕಂಡಿಲ್ಲವೇ.

ಇನ್ನು ನನ್ನನ್ನು ಇದಕ್ಕೆಳೆದ ಕಲ್ಕತ್ತೆಯ ಅಪಘಾತ. 1953ರ ಮೇ 2, ಜೆಟ್ ಸೇವೆ ಶುರುವಾಗಿ ಸರಿಯಾಗಿ ಒಂದು ವರ್ಷ. ಸಿಂಗಪುರದಿಂದ ಲಂಡನ್ನಿಗೆ ಹೋಗುತ್ತಿದ್ದ ಬಿ.ಓ.ಎ.ಸಿ.ಯ ಕಾಮೆಟ್ ಸಂಜೆ ನಾಲ್ಕೂವರೆ ಸುಮಾರಿಗೆ ದಮ್‌ದಮ್ಮಿನಿಂದ ದೆಹಲಿ ಕಡೆ ಹೊರಟಿತು. ಆರು ನಿಮಿಷಕ್ಕೆಲ್ಲ ಬಿರುಗಾಳಿಗೆ ಸಿಕ್ಕಿ ಗಾಳಿಯಲ್ಲೇ ಮುರಿಯಿತು. ವಾಯುವ್ಯದ ಹಳ್ಳಿಯೊಂದರ ಸುತ್ತಮುತ್ತಲ ಹೊಲಗಳಲ್ಲಿ ಮೈಲಿಗಟ್ಟಲೆ ಚೂರುಗಳು ಬಿದ್ದವು. ವಿಮಾನದಲ್ಲಿದ್ದ 43 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಭಾರತ ಸರ್ಕಾರವೇ ತನಿಖೆ ಮಾಡಿಸಿತು. ಕಟ್ಟಡ ತಾಳಲಾರದಷ್ಟು ಬಲ ಬಿದ್ದು ವಿಮಾನ ಮುರಿದಿದೆ. ಆ ಬಲ ಬಿರುಗಾಳಿಯ ಹೊಡೆತದಿಂದ ಬಂದಿರಬೇಕು, ಇಲ್ಲವೇ ಆ ಗಾಳಿಯಲ್ಲಿ ಪೈಲಟ್ ನಿಯಂತ್ರಣವನ್ನು ಜೋರಾಗಿ ಎಳೆದಿರಬೇಕು ಅಥವಾ ಕಳೆದುಕೊಂಡಿರಬೇಕು ಅಂತ ವರದಿ ಬಂತು. ಇದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆ ಗಾಳಿಯನ್ನು ಕಿಟಕಿ ಗಾಜಿನ ಈಚೆ ಕೂತು ನೋಡಿದ ಮೇಲಂತೂ ಹಾಗನ್ನಲಾರೆ. ಕಾಲಬೈಸಾಖಿಗೆ ವಿಮಾನ ಮುರಿಯುವ ತಾಕತ್ತಿದೆ. ಆದರೆ ಮೂರು ಅಪಘಾತಕ್ಕೆ ಮೂರು ಸಿದ್ಧ ಉತ್ತರ: ಪೈಲಟ್, ಪೈಲಟ್, ಗಾಳಿ. ಮೂರೂ ಸಲ ಕಾಮೆಟ್‌ಗಳು ಹಾರುತ್ತಲೇ ಇದ್ದವು.

1954ರ ಜನವರಿ 10. ಸಿಂಗಪುರದಿಂದ ಹೊರಟು ಬ್ಯಾಂಕಾಕ್, ರಂಗೂನ್, ಕಲ್ಕತ್ತೆ, ಕರಾಚಿ, ಬಹ್ರೇನ್, ಬೇರೂತ್ ಮುಟ್ಟಿ ರೋಮಿಗೆ ಬಂದಿದ್ದ ಯೋಕ್ ಪೀಟರ್ ಬೆಳಗ್ಗೆ ಲಂಡನ್ನಿನ ಕಡೆ ಮೇಲೇರಿತು. ಕ್ಯಾಪ್ಟನ್ ಆಲನ್ ಗಿಬ್ಸನ್‌ಗೆ 31 ವರ್ಷ, ಹೆಚ್ಚುಕಮ್ಮಿ ನನ್ನ ವಾರಿಗೆಯವರು. ಇಪ್ಪತ್ತು ನಿಮಿಷ ಕಳೆದಿತ್ತು. ಅದೇ ದಾರಿಯಲ್ಲಿದ್ದ ಇನ್ನೊಂದು ವಿಮಾನದ ಪೈಲಟ್‌ಗೆ ರೇಡಿಯೋದಲ್ಲಿ, ನಾನು ಮೊದಲು ಕಳಿಸಿದ್ದು ಬಂತೇ ಅಂತ ಕೇಳಲು ಶುರು ಮಾಡಿದರು. ವಾಕ್ಯ ಮುಗಿಯಲಿಲ್ಲ. ಎಲ್ಬಾ ದ್ವೀಪದ ಹತ್ತಿರ ಸಮುದ್ರಕ್ಕೆ ಚೂರುಗಳು ಬೀಳುವುದನ್ನು ಮೀನುಗಾರರು ನೋಡಿದರು. ಸತ್ತವರು 35. ಅವರಲ್ಲಿ ಹತ್ತು ಮಂದಿ ಮಕ್ಕಳು.

ಸಮುದ್ರದಿಂದ 15 ಶವಗಳು ಸಿಕ್ಕವು. ಪೀಸಾ ವಿಶ್ವವಿದ್ಯಾಲಯದ ಪ್ರೊಫೆಸರ್ ಆಂಟೋನಿಯೋ ಫೋರ್ನಾರಿ ಅವುಗಳ ಪರೀಕ್ಷೆ ಮಾಡಿದರು. ಶ್ವಾಸಕೋಶಗಳು ಒಡೆದಿದ್ದವು, ತಲೆಬುರುಡೆಗಳು ಬಿರಿದಿದ್ದವು. ಮುಳುಗಿ ಸತ್ತವರಲ್ಲ. ಸುಟ್ಟ ಗಾಯಗಳೆಲ್ಲ ಸತ್ತ ಮೇಲೆ ಆದವು. ಒಳಗಿನ ಗಾಳಿ ಒಮ್ಮೆಲೇ ಹೊರನುಗ್ಗಿದೆ, ಜನ ಛಾವಣಿಗೂ ಸೀಟಿಗೂ ಅಪ್ಪಳಿಸಿದ್ದಾರೆ ಅಂತ ಅವರು ಕಂಡುಕೊಂಡರು. ಬೇರೆಲ್ಲರಿಗಿಂತ ಮೊದಲು ನಿಜದ ಹತ್ತಿರಕ್ಕೆ ಬಂದದ್ದು ಲೋಹದ ಎಂಜಿನಿಯರುಗಳಲ್ಲ, ಈ ವೈದ್ಯರು.

ಆದರೆ ಸಿಡಿದದ್ದು ಯಾಕೆ? ಕಾಮೆಟ್‌ಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಸಮಿತಿ ಕೂತಿತು. ಅವಶೇಷ ಇನ್ನೂ ಸಮುದ್ರದ ತಳದಲ್ಲಿತ್ತು. ಹಾಗಾಗಿ ಕಾಗದದ ಮೇಲೆ ಏನೇನು ಕೆಡಬಹುದು ಅಂತ ಪಟ್ಟಿ ಮಾಡಿದರು. ಹೆಚ್ಚು ಅನುಮಾನ ಬಂದದ್ದು ಎಂಜಿನ್ ಬೆಂಕಿಯ ಮೇಲೆ. ಸುಮಾರು 60 ಬದಲಾವಣೆ ಮಾಡಿದರು. ಮಾರ್ಚ್ 23ಕ್ಕೆ ವಿಮಾನಗಳು ಮತ್ತೆ ಹೊರಟವು. ಸರಿಯಾಗಿ 16 ದಿನಕ್ಕೆ, ಏಪ್ರಿಲ್ 8ರ ರಾತ್ರಿ, ರೋಮಿನಿಂದ ಕೈರೋಗೆ ಹೊರಟ ಯೋಕ್ ಯೋಕ್ ಎಂಬ ಕಾಮೆಟ್ ನೇಪಲ್ಸ್‌ನ ಆಚೆ ಅದೇ ರೀತಿ ಮಾಯವಾಯಿತು. 21 ಜನ. ಆ ವಿಮಾನ ಬಿದ್ದ ಕಡೆ ಸಮುದ್ರ ಎಷ್ಟು ಆಳವೆಂದರೆ ತಳದಿಂದ ಎತ್ತುವ ಮಾತೇ ಇಲ್ಲ.

ಈ 60 ಬದಲಾವಣೆಗಳ ಬಗ್ಗೆ ಓದುವಾಗ ನನಗೆ ಹೊಟ್ಟೆ ತೊಳಸಿದ ಹಾಗಾಯಿತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಏಪ್ರಿಲ್ 12ಕ್ಕೆ ಕಾಮೆಟ್‌ನ ಹಾರಾಟದ ಪರವಾನಗಿಯೇ ರದ್ದಾಯಿತು. ದುಡ್ಡು, ಜನ ಎಷ್ಟೇ ಹೋದರೂ ಸರಿ, ಕಾರಣ ಗೊತ್ತಾಗಬೇಕು ಎಂದರು ಪ್ರಧಾನಿ ಚರ್ಚಿಲ್. ಕೆಲಸ ಫಾರ್ನ್‌ಬರೋದ ಸರ್ಕಾರಿ ವಿಮಾನ ಸಂಶೋಧನಾ ಸಂಸ್ಥೆಯ ಮುಖ್ಯಸ್ಥ ಆರ್ನಲ್ಡ್ ಹಾಲ್ ಅವರ ಕೈಗೆ ಬಂತು. ನೌಕಾಪಡೆ ನೀರಿನೊಳಗೆ ಟೆಲಿವಿಷನ್ ಕ್ಯಾಮೆರಾ ಇಳಿಸಿ ಎಲ್ಬಾ ಹತ್ತಿರದ ಚೂರುಗಳನ್ನು ಹುಡುಕಿ ಎತ್ತತೊಡಗಿತು. ಇತ್ತ ಹಾಲ್ ಒಂದು ಇಡೀ ಕಾಮೆಟನ್ನೇ ನೀರಿಗೆ ಹಾಕಲು ಹೊರಟರು. ಯೋಕ್ ಅಂಕಲ್ ಅನ್ನುವ, ಅಲ್ಲಿಯವರೆಗೆ ಪ್ರಯಾಣಿಕರನ್ನು ಹೊತ್ತಿದ್ದ ವಿಮಾನದ ಸುತ್ತ ದೊಡ್ಡ ತೊಟ್ಟಿ ಕಟ್ಟಿದರು. ರೆಕ್ಕೆಗಳೆರಡೂ ಎರಡು ಕಡೆ ಹೊರಗೆ ಚಾಚಿದ್ದವು. ಒಳಗೂ ನೀರು, ಹೊರಗೂ ನೀರು. ಪಂಪಿನಿಂದ ಒಳಗಿನ ಒತ್ತಡ ಏರಿಸುವುದು, ಇಳಿಸುವುದು. ಜೊತೆಗೇ ಜ್ಯಾಕುಗಳಿಂದ ರೆಕ್ಕೆ ಬಾಗಿಸುವುದು.

ಗಾಳಿ ಬಿಟ್ಟು ನೀರು ಯಾಕೆ? ಒತ್ತಿದ ಗಾಳಿ ಸ್ಪ್ರಿಂಗಿನ ಹಾಗೆ, ಒಂದು ಕಡೆ ಸೀಳಿದರೆ ಇಡೀ ವಿಮಾನವೇ ಬಾಂಬಿನ ಥರ ಹಾರಿ ಮೊದಲು ಸೀಳಿದ್ದೆಲ್ಲಿ ಅಂತಲೇ ಗೊತ್ತಾಗುವುದಿಲ್ಲ. ನೀರು ಕುಗ್ಗುವುದಿಲ್ಲ. ಸೀಳಿದ ಕೂಡಲೇ ಒತ್ತಡ ಸೊನ್ನೆಗಿಳಿದು ಬಿರುಕು ಅಲ್ಲೇ ನಿಲ್ಲುತ್ತದೆ. ಇಂಥ ಸರಳ ಯೋಚನೆಗಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ಹಗಲೂ ರಾತ್ರಿ, ಕೆಲವು ನಿಮಿಷಕ್ಕೊಂದು ‘ಪ್ರಯಾಣ’. ಯೋಕ್ ಅಂಕಲ್ ಮೊದಲೇ ಸುಮಾರು 1,230 ಸಲ ಹಾರಿತ್ತು. ತೊಟ್ಟಿಯಲ್ಲಿ 1,830 ಆದಾಗ, ಒಟ್ಟು ಸುಮಾರು 3,060ಕ್ಕೆ, 1954ರ ಜೂನ್ ಕೊನೆಯಲ್ಲಿ ಒಳಗಿನ ಒತ್ತಡ ಇದ್ದಕ್ಕಿದ್ದಂತೆ ಬಿದ್ದುಹೋಯಿತು. ನೀರು ಇಳಿಸಿ ನೋಡಿದರೆ ಪಕ್ಕದ ಗೋಡೆಯಲ್ಲಿ ಅಡಿಗಟ್ಟಲೆ ಉದ್ದದ ಸೀಳು. ಅದು ಶುರುವಾದದ್ದು ತುರ್ತು ಬಾಗಿಲಿನ ಕಿಟಕಿಯ ಮೂಲೆಯಲ್ಲಿ. ಲೋಹದ ದಣಿವು. ಕಬ್ಬಿಣದ ತಂತಿಯನ್ನು ಒಮ್ಮೆ ಬಾಗಿಸಿದರೆ ಮುರಿಯುವುದಿಲ್ಲ, ಹತ್ತು ಸಲ ಆಚೆ ಈಚೆ ಮಾಡಿದರೆ ಮುರಿಯುತ್ತದಲ್ಲ, ಅದರದ್ದೇ ಸೂಕ್ಷ್ಮ ರೂಪ. ನಿಮ್ಮ ಸ್ಕೂಟರಿನ ನಂಬರ್ ಪ್ಲೇಟ್ ನೋಡಿ: ಸೀಳಿದರೆ ಬೋಲ್ಟ್ ತೂತಿನ ಹತ್ತಿರವೇ ಸೀಳಿರುತ್ತದೆ. ತೂತು ಮತ್ತು ಮೂಲೆ ಇದ್ದಲ್ಲಿ ಬಲವೆಲ್ಲ ಬಂದು ಸೇರುತ್ತದೆ. ಕಾಮೆಟ್ ಕಿಟಕಿಯ ಮೂಲೆಯಲ್ಲಿ ಅಳೆದು ನೋಡಿದಾಗ, ಅಲ್ಲಿ ಬೀಳುತ್ತಿದ್ದ ಬಲ ಆ ಲೋಹ ತಾಳುವ ಗರಿಷ್ಠದ ಸುಮಾರು 70%. ವಿನ್ಯಾಸಕಾರರು ಲೆಕ್ಕ ಹಾಕಿದ್ದಕ್ಕಿಂತ ಬಹಳ ಹೆಚ್ಚು.

ಆಗಸ್ಟಿನಲ್ಲಿ ಸಮುದ್ರದಿಂದ ಯೋಕ್ ಪೀಟರಿನ ಛಾವಣಿಯ ಒಂದು ತುಂಡು ಸಿಕ್ಕಿತು. ದಿಕ್ಕು ತೋರಿಸುವ ರೇಡಿಯೋದ ಆಂಟೆನಾಕ್ಕಾಗಿ ಮೇಲೆ ಎರಡು ಕಿಂಡಿ ಬಿಟ್ಟಿದ್ದರು. ಅವುಗಳಲ್ಲಿ ಹಿಂದಿನದರ ಮೂಲೆಯ ಹತ್ತಿರದ ತೂತಿನಲ್ಲೇ ದಣಿವಿನ ಗುರುತು. ಅಂದರೆ ಎಲ್ಬಾದಲ್ಲಿ ಒಡೆದದ್ದು ಪ್ರಯಾಣಿಕರು ಹೊರಗೆ ನೋಡುವ ಕಿಟಕಿಯೇ ಅಲ್ಲ! ಚೌಕವೂ ಅಲ್ಲ, ಆ ಕಿಟಕಿ, ಕಿಂಡಿಗಳೆಲ್ಲ ಮೂಲೆ ಗುಂಡಗೆ ಮಾಡಿದ ಆಯತಗಳು. ಗುಂಡು ಸಾಲದಾಗಿತ್ತು, ಹತ್ತಿರದಲ್ಲೇ ರಿವೆಟ್ ಮತ್ತು ಬೋಲ್ಟ್ ತೂತುಗಳಿದ್ದವು, ಚರ್ಮ ತೆಳುವಾಗಿತ್ತು. ನನ್ನ ಎರಡು ಮಾರ್ಕ್ಸ್ ವಾಪಸು ಕೊಡಬೇಕು :)

ಇಷ್ಟಾದರೂ ಒಂದು ಪ್ರಶ್ನೆ ಉಳಿಯಿತು. ನನ್ನ ಮೂರು ವಾರದ ನಿದ್ದೆ ತಿಂದದ್ದು ಇದೇ. ಡಿ ಹ್ಯಾವಿಲ್ಯಾಂಡ್ ಏನೂ ಪರೀಕ್ಷೆ ಮಾಡದೆ ವಿಮಾನ ಹಾರಿಸಿತ್ತೇ?

ಮಾಡಿತ್ತು! ಕಾಯ್ದೆ ಕೇಳಿದ್ದಕ್ಕಿಂತ ಹೆಚ್ಚೇ ಮಾಡಿತ್ತು. ವಿಮಾನದ ಮುಂಭಾಗದ ದೊಡ್ಡ ತುಂಡೊಂದನ್ನು ಮಾಡಿ, ಒಳಗೆ ಒತ್ತಡ ಹಾಕಿ ಇಳಿಸಿ, ಹಾಕಿ ಇಳಿಸಿ ನೋಡಿತ್ತು. ಅದು ಒಡೆದದ್ದು ಸುಮಾರು 18,000 ಸಲ ಆದ ಮೇಲೆ. ಒಂದು ವಿಮಾನ ಹತ್ತು ವರ್ಷ ಹಾರಿದರೂ ಅಷ್ಟಾಗುವುದಿಲ್ಲ ಅಂತ ಎಲ್ಲರೂ ನೆಮ್ಮದಿಯಾಗಿದ್ದರು. ಆದರೆ ಎಲ್ಬಾದಲ್ಲಿ ಒಡೆದ ಯೋಕ್ ಪೀಟರ್ ಹಾರಿದ್ದು 1,290 ಸಲ. ಯೋಕ್ ಯೋಕ್ 900 ಸಲ. ಒಂದು ಕಡೆ 18,000, ಇನ್ನೊಂದು ಕಡೆ 900. ಇಪ್ಪತ್ತು ಪಟ್ಟು ವ್ಯತ್ಯಾಸ!

ಒಂದೇ ಮಾದರಿಯ ಎರಡು ತುಂಡುಗಳು ಒಂದೇ ಹೊತ್ತಿಗೆ ದಣಿಯುವುದಿಲ್ಲ, ಅದೊಂದು ಕಾರಣ. ಇನ್ನೊಂದು ಕಾರಣ ಆ ತುಂಡಿನ ಪೂರ್ವಾಪರದಲ್ಲಿತ್ತು. ದಣಿವಿನ ಪರೀಕ್ಷೆಗೆ ಬಳಸಿದ್ದು ಹೊಸ ತುಂಡಲ್ಲ. ಅದಕ್ಕೂ ಮೊದಲು ಅದನ್ನೇ ಬಲದ ಪರೀಕ್ಷೆಗೆ ಬಳಸಿದ್ದರು. ಎಷ್ಟು ತಡೆಯುತ್ತದೆ ನೋಡೋಣ ಅಂತ ಮಾಮೂಲಿ ಒತ್ತಡದ ಎರಡರಷ್ಟರವರೆಗೂ ಏರಿಸಿದ್ದರು. ಹಾಗೆ ಏರಿಸಿದಾಗ ಮೂಲೆಯಲ್ಲಿ, ತೂತಿನ ಪಕ್ಕದ ಒಂದಿಷ್ಟೇ ಲೋಹ ಶಾಶ್ವತವಾಗಿ ಹಿಗ್ಗಿಬಿಡುತ್ತದೆ. ಒತ್ತಡ ಇಳಿದಾಗ ಸುತ್ತಲಿನ ಲೋಹ ತನ್ನ ಮೊದಲಿನ ಅಳತೆಗೆ ಬರಲು ಹೋಗಿ, ಹಿಗ್ಗಿದ ಜಾಗವನ್ನು ಎಲ್ಲ ಕಡೆಯಿಂದ ಅಮುಕಿ ಹಿಡಿಯುತ್ತದೆ. ಆಮೇಲೆ ಮಾಮೂಲಿ ಒತ್ತಡ ಹಾಕಿದರೆ ಅದರಲ್ಲಿ ಒಂದು ಪಾಲು ಆ ಅಮುಕುವಿಕೆಯನ್ನು ಬಿಡಿಸಲಿಕ್ಕೇ ಖರ್ಚು. ಮೂಲೆಗೆ ನಿಜವಾದ ಎಳೆತ ತಾಗುವುದು ಕಡಿಮೆ. ಬಿರುಕು ಹುಟ್ಟುವುದು ನಿಧಾನ. ಎಂದರೆ, ಬಲದ ಪರೀಕ್ಷೆಯೇ ಆ ತುಂಡಿಗೆ ಚಿಕಿತ್ಸೆ ಮಾಡಿಬಿಟ್ಟಿತ್ತು. ಜನರನ್ನು ಹೊತ್ತು ಹಾರುತ್ತಿದ್ದ ವಿಮಾನಗಳು ಅಷ್ಟು ದೊಡ್ಡ ಒತ್ತಡವನ್ನು ಒಮ್ಮೆಯೂ ಕಂಡಿರಲಿಲ್ಲ. ಹೆಚ್ಚು ಕಠಿಣವಾಗಿ ಪರೀಕ್ಷಿಸಿದ್ದೇ ಸುಳ್ಳು ಧೈರ್ಯ ಕೊಟ್ಟಿತು.

ಇದನ್ನು ಓದಿದ ರಾತ್ರಿ ನಾನು ಎದ್ದು ಹೋಗಿ ಬಾಲ್ಕನಿಯಲ್ಲಿ ನಿಂತೆ.

ಎರಡು ವರ್ಷದ ಹಿಂದೆ ಒಂದು ಕಾರ್ಖಾನೆಯ ಸಂಬಳದ ಸಾಫ್ಟ್‌ವೇರ್ ನಮ್ಮ ತಂಡದ ಕೈಲಿತ್ತು. ಒಂದು ತಿಂಗಳು ಗುತ್ತಿಗೆ ಕೆಲಸಗಾರರಲ್ಲಿ ಕೆಲವರಿಗೆ ಓಟಿ ದುಡ್ಡು ಬರಲಿಲ್ಲ. ನಾನು ಲಾಗ್ ನೋಡಿದೆ, ಅದೇ ಹೊತ್ತಿಗೆ ನೆಟ್‌ವರ್ಕ್ ಕೈಕೊಟ್ಟಿದ್ದು ಕಾಣಿಸಿತು, ಅದನ್ನೇ ಕಾರಣ ಅಂತ ಬರೆದು ಟಿಕೆಟ್ ಮುಚ್ಚಿದೆ. ಟೆಸ್ಟ್ ಸರ್ವರಿನಲ್ಲಿ ಎಲ್ಲವೂ ಪಾಸಾಗುತ್ತಿತ್ತಲ್ಲ! ಮುಂದಿನ ತಿಂಗಳು ಮತ್ತೆ ಅದೇ ಜನಕ್ಕೆ ಬರಲಿಲ್ಲ. ಅಲ್ಲಿಯ ಅಕೌಂಟೆಂಟ್ ಫೋನ್ ಮಾಡಿದರು. ಬೈಯಲಿಲ್ಲ. ‘ಸಾರ್, ಇವರಲ್ಲಿ ಇಬ್ಬರು ಮನೆ ಬಾಡಿಗೆ ಕಟ್ಟಿಲ್ಲ, ಏನಂತ ಹೇಳಲಿ?’ ಅಂದರು. ಆಮೇಲೆ ಹುಡುಕಿದಾಗ ಗೊತ್ತಾದದ್ದು ಇಷ್ಟು: ಬಹಳ ಹಿಂದೆ ಬೇರೆ ಯಾವುದೋ ಪರೀಕ್ಷೆಗೆ ಅಡ್ಡ ಬರುತ್ತದೆ ಅಂತ ಟೆಸ್ಟ್ ಡೇಟಾಬೇಸಿನ ಕೆಟ್ಟ ಸಾಲುಗಳನ್ನು ಕೈಯಾರೆ ಸರಿ ಮಾಡಿದ್ದರು. ಆ ಮೇಲೆ ನಮ್ಮ ಕೋಡು ಆ ಡೇಟಾಬೇಸಿನಲ್ಲಿ ಸಾವಿರ ಸಲ ಓಡಿದರೂ ಪಾಸಾಗುತ್ತಿತ್ತು. ಕೈಯಾರೆ ಸರಿ ಮಾಡಿದವನು ನಾನೇ. ಮರೆತೇ ಹೋಗಿತ್ತು.

ನನ್ನ ತಪ್ಪಿಗೆ ಇಬ್ಬರ ಬಾಡಿಗೆ ತಡವಾಯಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವಷ್ಟು ತಿಳಿಗೇಡಿ ನಾನಲ್ಲ. ಆದರೆ ಆ 60 ಬದಲಾವಣೆ ಮಾಡಿ ಮಾರ್ಚ್ 23ರಂದು ವಿಮಾನ ಬಿಟ್ಟವರ ಮನಸ್ಸು ಹೇಗಿದ್ದಿರಬಹುದು ಅಂತ ನನಗೆ ಸ್ವಲ್ಪ ಗೊತ್ತು. ಅವರು ಸೋಮಾರಿಗಳಲ್ಲ, ಕಳ್ಳರೂ ಅಲ್ಲ. ಬೆಂಕಿ, ಕಂಪನ, ನಿಯಂತ್ರಣ ಎಲ್ಲ ಅನುಮಾನಿಸಿದರು. 18,000 ಅನ್ನುವ ಆ ಒಂದು ಅಂಕಿ ಮಾತ್ರ ಗಟ್ಟಿ ಅಂದುಕೊಂಡರು.

ಲೋಹ ದಣಿಯುತ್ತದೆ ಅನ್ನುವುದು ಆಗ ಯಾರಿಗೂ ಗೊತ್ತಿರಲಿಲ್ಲ ಅಂತಲೂ ಅಲ್ಲ. 1948ರ ಆಗಸ್ಟ್ 29ರಂದು ಅಮೆರಿಕದ ಮಿನೆಸೋಟಾದ ವಿನೋನಾ ಬಳಿ ಮಾರ್ಟಿನ್ 2-0-2 ವಿಮಾನದ ರೆಕ್ಕೆ ಬಿರುಗಾಳಿಯಲ್ಲಿ ಕಳಚಿ 37 ಜನ ಸತ್ತಿದ್ದರು. ಅಲ್ಲೂ ಗಾಳಿಯ ಕಡೆ ಬೆರಳು ತೋರಿಸಿ ಸುಮ್ಮನಾಗಬಹುದಿತ್ತು, ಆದರೆ ತನಿಖೆಯವರು ರೆಕ್ಕೆಯ ಬೇರಿನಲ್ಲಿ ದಣಿವಿನ ಬಿರುಕು ಹಿಡಿದರು. ಅದೇ ವರ್ಷ ನೆವಿಲ್ ಶೂಟ್ ‘ನೋ ಹೈವೇ’ ಅನ್ನುವ ಕಾದಂಬರಿ ಬರೆದರು. ಹೊಸ ವಿಮಾನದ ಬಾಲ ಲೋಹದ ದಣಿವಿನಿಂದ ಮುರಿಯುತ್ತದೆ ಅಂತ ಹೇಳುವ, ಯಾರೂ ನಂಬದ ವಿಜ್ಞಾನಿಯ ಕಥೆ. ಶೂಟ್ ಸ್ವತಃ ವಿಮಾನ ಎಂಜಿನಿಯರ್, 1920ರ ದಶಕದಲ್ಲಿ ಕೆಲಸ ಮಾಡಿದ್ದು... ಡಿ ಹ್ಯಾವಿಲ್ಯಾಂಡ್ ಕಂಪನಿಯಲ್ಲಿ! ದಣಿವು ಅಂದರೆ ರೆಕ್ಕೆಗೆ, ಬಾಲಕ್ಕೆ ಬರುವ ಕಾಯಿಲೆ ಅಂತ ಎಲ್ಲರ ತಲೆಯಲ್ಲಿತ್ತು. ಜನ ಕೂರುವ ಕೊಳವೆಗೂ ಇಷ್ಟು ಬೇಗ ಬಂದೀತು ಅಂತ ಅಂದುಕೊಂಡಿರಲಿಲ್ಲ.

1954ರ ಅಕ್ಟೋಬರಿನಲ್ಲಿ ಲಾರ್ಡ್ ಕೋಹೆನ್ ಅವರ ಮುಂದೆ ಬಹಿರಂಗ ವಿಚಾರಣೆ ನಡೆಯಿತು. ಕಂಪನಿ ಅಂದಿನ ತಿಳಿವಳಿಕೆಗೆ ತಕ್ಕಂತೆಯೇ ನಡೆದುಕೊಂಡಿದೆ ಅಂತ ತೀರ್ಪು ಬಂತು. ಗೊತ್ತಾದದ್ದನ್ನು ಬ್ರಿಟಿಷರು ಮುಚ್ಚಿಡಲಿಲ್ಲ, ಪ್ರತಿಸ್ಪರ್ಧಿಗಳೂ ಅದರಿಂದ ಕಲಿತರು. ದಪ್ಪ ಚರ್ಮದ, ಬೇರೆ ಕಿಟಕಿಗಳ ಕಾಮೆಟ್ 4 ಬಂದು, 1958ರ ಅಕ್ಟೋಬರ್ 4ರಂದು ಅಟ್ಲಾಂಟಿಕ್ ದಾಟುವ ಮೊದಲ ಜೆಟ್ ಪ್ರಯಾಣಿಕ ಸೇವೆಯನ್ನು ಶುರು ಮಾಡಿತು. ಮೂರು ವಾರಕ್ಕೆಲ್ಲ ಅಮೆರಿಕದ ಬೋಯಿಂಗ್ 707 ಬಂತು. ಅಲ್ಲಿಂದಾಚೆಗೆ ಮಾರುಕಟ್ಟೆ ಅದರದ್ದೇ.

ಅಂದ ಹಾಗೆ ಅವತ್ತು ನಮ್ಮ ವಿಮಾನ ಎರಡು ಗಂಟೆ ಇಪ್ಪತ್ತು ನಿಮಿಷ ತಡವಾಗಿ ಹೊರಟಿತು. ನಾನು ಆಮೇಲೆ ಗೊಣಗಲಿಲ್ಲ. ಸಮುದ್ರದಿಂದ ಎತ್ತಿದ ಯೋಕ್ ಪೀಟರಿನ ಆ ಛಾವಣಿ ತುಂಡನ್ನು ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಆ ಕಡೆ ಇರುವವರು ಯಾರಾದರೂ ಇದನ್ನು ಓದಿದರೆ, ಹಿಂದಿನ ಕಿಂಡಿಯ ಮೂಲೆ ಕಾಣುವ ಹಾಗೆ ಒಂದು ಫೋಟೋ ತೆಗೆದು ಕಳಿಸಿ.